ಹೇಳುವ ಬೆಲೆ, ಬರೆಯುವ ಬೆಲೆ, ಸರಕಾರದ ಬೆಲೆ: ಮನೆ ಕೊಳ್ಳುವ ಮುನ್ನ ಗಡಿನಾಡ ಪಾಲಕರು ತಿಳಿಯಬೇಕಾದದ್ದು

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಗುತ್ತಿದ್ದಂತೆ ನಮ್ಮಲ್ಲಿಗೆ ಬರುವ ಪಾಲಕರ ಪ್ರಶ್ನೆಗಳೂ ಬದಲಾಗುತ್ತವೆ. ಮಕ್ಕಳ ಮುಂದಿನ ಓದಿಗಾಗಿ ಹಳ್ಳಿಯಿಂದ ತಾಲೂಕಿನ ಊರಿಗೆ ಬಂದು ನೆಲೆಸಬೇಕೆನ್ನುವವರು ಮನೆ, ಪ್ಲಾಟು, ಖರೇದಿಯ ಮಾತು ತೆಗೆಯುತ್ತಾರೆ. ಈಚೆಗೆ ಪಾಲಕರೊಬ್ಬರು ಬಂದು ಕೇಳಿದ ಪ್ರಶ್ನೆ ಹೀಗಿತ್ತು: "ಗುರೂಜಿ, ಉಮರ್ಗಾದಾಗ ಒಂದು ಮನಿ ನೋಡೀವ್ರಿ. ಮಾಲಕ ಮೂವತ್ತೆರಡು ಲಕ್ಷ ಅಂತಾನ. ದಲ್ಲಾಳಿ, ಸರಕಾರಿ ಕಿಮ್ಮತ್ತು ಹತ್ತೊಂಬತ್ತೇ ಅದ, ಕಾಗದದಾಗ ಅಷ್ಟೇ ಬರೀರಿ ಅಂತಾನ. ಯಾವುದು ಖರೇ ಕಿಮ್ಮತ್ತು?"

ಈ ಪ್ರಶ್ನೆ ಒಬ್ಬರದಲ್ಲ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಕುಟುಂಬಗಳು ಬಾಳಿನ ಉಳಿತಾಯವನ್ನೆಲ್ಲ ಒಂದೇ ಕಾಗದದ ಮೇಲೆ ಇಡುತ್ತವೆ. ಆ ಕಾಗದವಿರುವುದು ಮರಾಠಿಯಲ್ಲಿ. ಅದರಲ್ಲಿ ಬರೆದ ಅಂಕಿ ಎಲ್ಲಿಂದ ಬಂತು, ಅದರಿಂದ ಮುಂದೆ ಏನಾಗುತ್ತದೆ ಎಂಬುದನ್ನು ಅರಿಯದೆ ಸಹಿ ಮಾಡುವವರೇ ಹೆಚ್ಚು. ಆದುದರಿಂದ ಈ ವಿಷಯವನ್ನು ಮೊದಲಿನಿಂದ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಒಂದು ಮನೆ, ಮೂರು ಬೆಲೆ

ಮಾರಾಟಕ್ಕಿರುವ ಪ್ರತಿಯೊಂದು ಮನೆಗೂ ಮೂರು ಬೆಲೆಗಳಿರುತ್ತವೆ. ಮೊದಲನೆಯದು ಮಾಲಕ ಹೇಳುವ ಬೆಲೆ. ಅದರಲ್ಲಿ ಮನೆಯ ಮೌಲ್ಯದ ಜೊತೆಗೆ ಅವನ ಆಸೆ, ಅವನ ಅವಸರ, ಚೌಕಾಸಿಗೆಂದು ಬಿಟ್ಟುಕೊಂಡ ಅಂತರ, ಕೆಲವೊಮ್ಮೆ ದಲ್ಲಾಳಿಯ ಪಾಲು ಎಲ್ಲವೂ ಸೇರಿರುತ್ತವೆ. ಎರಡನೆಯದು ಇಬ್ಬರೂ ಒಪ್ಪಿ ಕೊಟ್ಟು ತೆಗೆದುಕೊಂಡ ಬೆಲೆ. ಮೂರನೆಯದು ಸರಕಾರದ ಮೌಲ್ಯಮಾಪನ. ಮಹಾರಾಷ್ಟ್ರದಲ್ಲಿ ಜನ ಇದನ್ನು ರೆಡಿ ರೆಕ್ನರ್ ಎನ್ನುತ್ತಾರೆ. ಸರಕಾರಿ ಕಾಗದಗಳಲ್ಲಿ ಇದು ವಾರ್ಷಿಕ ಮೂಲ್ಯದರ ತಕ್ತಾ. ಗಡಿಯಾಚೆ ಬಸವಕಲ್ಯಾಣ, ಭಾಲ್ಕಿ, ಔರಾದ, ಆಳಂದಗಳಲ್ಲಿ ಇದೇ ವಸ್ತುವಿಗೆ ಮಾರ್ಗಸೂಚಿ ಬೆಲೆ ಎಂಬ ಹೆಸರಿದೆ.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಗೊಂದಲ ಹುಟ್ಟುತ್ತದೆ. ಸರಕಾರದ ಬೆಲೆಯನ್ನು ಸಿದ್ಧಪಡಿಸುವ ಉದ್ದೇಶ ಮನೆ ಮಾರುವುದಲ್ಲ, ಮುದ್ರಾಂಕ ಶುಲ್ಕ ವಸೂಲಿ ಮಾಡುವುದು. ಇದಕ್ಕಿಂತ ಕಡಿಮೆ ಮೊತ್ತದ ಮೇಲೆ ಶುಲ್ಕ ಸ್ವೀಕರಿಸುವುದಿಲ್ಲ ಎಂದು ಸರಕಾರ ಹಾಕಿದ ಕೆಳಗಣ ಗೆರೆ ಅದು. ಮನೆಯ ನಿಜವಾದ ಬೆಲೆ ಆ ಗೆರೆಯ ಮೇಲೂ ಇರಬಹುದು, ಕೆಳಗೂ ಇರಬಹುದು.

ನ್ಯಾಯಾಲಯಗಳ ನಿಲುವೂ ಇದೇ. ನಮ್ಮ ನೆರೆಯ ಆದಿಲಾಬಾದಿನಿಂದ ಹೋದ ಜವಾಜೀ ನಾಗನಾಥಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ, ಮುದ್ರಾಂಕ ವಸೂಲಿಗಾಗಿ ಇಟ್ಟ ದರದ ಪುಸ್ತಕವೊಂದನ್ನೇ ಆಧಾರವಾಗಿಟ್ಟುಕೊಂಡು ಭೂಮಿಯ ಮಾರುಕಟ್ಟೆ ಬೆಲೆಯನ್ನು ನಿರ್ಧರಿಸಲಾಗದು ಎಂದು ಹೇಳಿತು.

ದರದ ಪಟ್ಟಿ ಹೇಗೆ ತಯಾರಾಗುತ್ತದೆ?

ಮಹಾರಾಷ್ಟ್ರ ಮುದ್ರಾಂಕ ಕಾಯ್ದೆ 1958 ಮತ್ತು ಅದರಡಿ 1995ರಲ್ಲಿ ಬಂದ ಮೌಲ್ಯನಿರ್ಧಾರದ ನಿಯಮಗಳು ಈ ಪಟ್ಟಿಗೆ ಆಧಾರ. ಪುಣೆಯಲ್ಲಿರುವ ನೋಂದಣಿ ಮಹಾನಿರೀಕ್ಷಕ ಮತ್ತು ಮುದ್ರಾಂಕ ನಿಯಂತ್ರಕರ ಕಚೇರಿಯ ಅಡಿಯಲ್ಲಿ ಇದು ಸಿದ್ಧವಾಗುತ್ತದೆ. ಪರಿಷ್ಕೃತ ದರಗಳು ಏಪ್ರಿಲ್ 1ರಿಂದ ಜಾರಿಗೆ ಬರುತ್ತವೆ. ಆದರೆ ದರ ಪ್ರತಿ ವರ್ಷವೂ ಬದಲಾಗುತ್ತದೆ ಎಂದಲ್ಲ: 2023 ಮತ್ತು 2024ರಲ್ಲಿ ಹಳೆಯ ದರಗಳನ್ನೇ ಮುಂದುವರಿಸಲಾಯಿತು, 2025ರ ಏಪ್ರಿಲ್ 1ರಿಂದ ಅವನ್ನು ಏರಿಸಲಾಯಿತು. ಈ ನಡುವೆ ರಸ್ತೆ ಅಗಲವಾಗಿರಬಹುದು, ಹೊಸ ಬಡಾವಣೆ ಎದ್ದಿರಬಹುದು, ಪಕ್ಕದಲ್ಲಿ ಕಾಲೇಜು ಬಂದಿರಬಹುದು. ಮಾಲಕನ ಬೆಲೆ ಅಂದೇ ಏರುತ್ತದೆ. ಪಟ್ಟಿಯ ಬೆಲೆ ಮುಂದಿನ ಪರಿಷ್ಕರಣೆಯವರೆಗೆ ಕಾಯುತ್ತದೆ. ಅಂತರಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ, ಪಟ್ಟಿಯು ಒಂದು ವಿಭಾಗಕ್ಕೆ ಅಥವಾ ಸರ್ವೆ ನಂಬರುಗಳ ಒಂದು ಗುಂಪಿಗೆ ಒಂದೇ ದರ ಹೇಳುತ್ತದೆ. ಮುಖ್ಯ ರಸ್ತೆಗೆ ಮುಖ ಮಾಡಿದ ಮನೆಗೂ ಅದರ ಹಿಂದಿನ ಇಕ್ಕಟ್ಟಾದ ಗಲ್ಲಿಯ ಮನೆಗೂ ಅದು ಹೆಚ್ಚಿನ ಭೇದ ಮಾಡದು. ಬಾವಿಗೆ ನೀರಿದೆಯೇ, ಮಳೆಗಾಲದಲ್ಲಿ ಅಂಗಳಕ್ಕೆ ನೀರು ನುಗ್ಗುತ್ತದೆಯೇ, ಕಾಗದಪತ್ರ ಶುದ್ಧವಾಗಿವೆಯೇ ಎಂಬುದು ಪಟ್ಟಿಗೆ ತಿಳಿಯದು. ಕೊಳ್ಳುವವರು ಬೆಲೆ ಕಟ್ಟುವುದು ಇವುಗಳನ್ನು ನೋಡಿಯೇ.

ಮೂರನೆಯ ಕಾರಣ ಕಟ್ಟಡ. ಸರಕಾರಿ ಲೆಕ್ಕದಲ್ಲಿ ಜಾಗಕ್ಕೆ ಬೇರೆ ದರ, ಕಟ್ಟಡಕ್ಕೆ ಬೇರೆ ದರ. ಕಟ್ಟಡವನ್ನು ಆರ್‌ಸಿಸಿ, ಇತರ ಪಕ್ಕಾ, ಅರೆ ಪಕ್ಕಾ, ಕಚ್ಚಾ ಎಂದು ವಿಂಗಡಿಸಿ, ಅದರ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ನಮ್ಮ ಭಾಗದಲ್ಲಿ ಈ ವಿಂಗಡಣೆಗೆ ವಿಶೇಷ ಅರ್ಥವಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನರ ಪ್ರಾಣ ತೆಗೆದದ್ದು ಕಲ್ಲುಮಣ್ಣಿನ ದಪ್ಪ ಗೋಡೆ, ಭಾರವಾದ ಮಣ್ಣಿನ ಮಾಳಿಗೆಗಳೇ. ಬಳಿಕ ಸರಕಾರವು 52 ಹಳ್ಳಿಗಳನ್ನು ಹೊಸ ಸ್ಥಳಗಳಿಗೆ ಸಾಗಿಸಿ, ಜಮೀನಿನ ಹಿಡುವಳಿಗೆ ಅನುಗುಣವಾಗಿ 250, 400, 750 ಚದರ ಅಡಿಯ ಮನೆಗಳನ್ನು ನೀಡಿತು. ಇಂದಿಗೂ ಈ ಸೀಮೆಯಲ್ಲಿ ಮನೆ ಕೊಳ್ಳುವವರು ಗೋಡೆ ಯಾವುದರದು ಎಂದು ಮೊದಲು ಕೇಳುತ್ತಾರೆ. ಹಳೆಯ ಮಾಳಿಗೆ ಮನೆಗೆ ಮಾರುಕಟ್ಟೆ ಬರಿ ಜಾಗದ ಬೆಲೆ ಕೊಡುತ್ತದೆ. ಸರಕಾರಿ ಲೆಕ್ಕ ಗೋಡೆಗಳಿಗೂ ಒಂದಿಷ್ಟು ಬೆಲೆ ಹಿಡಿಯುತ್ತದೆ. ಪುನರ್ವಸತಿಯ ಮನೆ ಕೊಳ್ಳುವವರು ಹಂಚಿಕೆಯ ಆದೇಶದಲ್ಲಿ ಹಸ್ತಾಂತರಕ್ಕೆ ಷರತ್ತುಗಳಿವೆಯೇ ಎಂಬುದನ್ನೂ ಓದಿಸಿಕೊಳ್ಳಬೇಕು.

ಲೆಕ್ಕ ಮಾಡಿ ನೋಡೋಣ

ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ನಾವೇ ಇಟ್ಟುಕೊಂಡವು. ಯಾವ ಊರಿನ ದರವೂ ಅಲ್ಲ. ಒಂದು ಮನೆಯ ಜಾಗ 140 ಚದರ ಮೀಟರ್, ದರ ಚದರ ಮೀಟರಿಗೆ 4,000 ರೂಪಾಯಿ ಎಂದುಕೊಳ್ಳೋಣ. ಜಾಗದ ಮೌಲ್ಯ 5,60,000. ಕಟ್ಟಡ 80 ಚದರ ಮೀಟರ್, ದರ 20,000, ಒಟ್ಟು 16,00,000. ಅದರಲ್ಲಿ ಶೇ. 15 ಸವಕಳಿ ಕಳೆದರೆ 13,60,000. ಎರಡೂ ಕೂಡಿ ಸರಕಾರಿ ಮೌಲ್ಯ 19,20,000 ರೂಪಾಯಿ. ಮಾಲಕ ಹೇಳಿದ್ದು 32 ಲಕ್ಷ, ಮಾತುಕತೆಯಲ್ಲಿ ಕುದುರಿದ್ದು 28 ಲಕ್ಷ.

ಇಲ್ಲಿ ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಪಟ್ಟಿಯ ದರ ಚದರ ಮೀಟರಿಗೆ, ಊರಿನ ಮಾತು ಚದರ ಅಡಿಗೆ ಅಥವಾ ಗುಂಟೆಗೆ. ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಮಾಲಕ ಅಡಿಗೆ 1,000 ಎಂದರೆ ಅದು ಮೀಟರಿನ ಲೆಕ್ಕದಲ್ಲಿ 10,760. ಪಟ್ಟಿಯ 4,000 ಎಂದರೆ ಅಡಿಗೆ ಸುಮಾರು 372. ಅಳತೆಯನ್ನು ಒಂದೇ ಮಾನಕ್ಕೆ ತಾರದೆ ಮಾಡಿದ ಹೋಲಿಕೆ ಹೋಲಿಕೆಯೇ ಅಲ್ಲ.

ಕಡಿಮೆ ಬರೆಸಿದರೆ ಉಳಿಯುವುದೆಷ್ಟು, ಹೋಗುವುದೆಷ್ಟು?

ಈಗ ದಲ್ಲಾಳಿಯ ಸಲಹೆಗೆ ಬರೋಣ. ಕಾಗದದಲ್ಲಿ 19,20,000 ಮಾತ್ರ ಬರೆಸಿ, ಉಳಿದ 8,80,000 ರೂಪಾಯಿಯನ್ನು ಕೈಯಿಂದ ಕೈಗೆ ಕೊಡಿ ಎನ್ನುತ್ತಾನೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಎರಡೂ ಸೇರಿ ಶೇ. 6 ಎಂದು ಹಿಡಿದರೆ ಇದರಿಂದ ಉಳಿಯುವುದು 52,800 ರೂಪಾಯಿ. ಸಣ್ಣ ಮೊತ್ತವಲ್ಲ, ಒಪ್ಪಿದೆವು. ಆದರೆ ಹೋಗುವುದನ್ನೂ ಎಣಿಸಬೇಕು.

ಮೊದಲನೆಯದು ಸಾಲ. ಬ್ಯಾಂಕು ಕಾಗದದ ಬೆಲೆ ಮತ್ತು ತನ್ನ ಮೌಲ್ಯಮಾಪಕನ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ಹಿಡಿಯುತ್ತದೆ. 30 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕು ಹಾಕಿದ ಮೇಲ್ಮಿತಿ ಮೌಲ್ಯದ ಶೇ. 90. ಆ ಮಿತಿಯವರೆಗೆ ಸಾಲ ಸಿಕ್ಕಿತೆಂದೇ ತಿಳಿಯೋಣ. ಕಾಗದದಲ್ಲಿ 28 ಲಕ್ಷವಿದ್ದು ಮೌಲ್ಯಮಾಪಕನೂ ಒಪ್ಪಿದರೆ 25,20,000 ರೂಪಾಯಿ ಸಾಲ, ಕೈಯಿಂದ ಹಾಕಬೇಕಾದದ್ದು 2,80,000. ಕಾಗದದಲ್ಲಿ 19,20,000 ಇದ್ದರೆ ಸಾಲ 17,28,000, ಕೈಯಿಂದ 10,72,000. ಸುಮಾರು 53 ಸಾವಿರ ಉಳಿಸಲು 8 ಲಕ್ಷದಷ್ಟು ಹೆಚ್ಚು ಹಣ ಹೊಂದಿಸಬೇಕು. ಆ 8 ಲಕ್ಷ ಎಲ್ಲಿಂದ ಬರುತ್ತದೆಂಬುದು ನಮಗೆ ಗೊತ್ತಿದೆ: ಬಂಗಾರ ಒತ್ತೆ ಹೋಗುತ್ತದೆ, ಖಾಸಗಿ ಬಡ್ಡಿ ಏರುತ್ತದೆ, ಮಗಳ ಓದಿಗೆ ಇಟ್ಟ ಠೇವಣಿ ಮುರಿಯುತ್ತದೆ.

ಎರಡನೆಯದು ಮುಂದೊಂದು ದಿನ ಆ ಮನೆಯನ್ನು ಮಾರುವಾಗಿನ ತೆರಿಗೆ. ಕಾನೂನಿನ ಕಣ್ಣಿಗೆ ನೀವು ಮನೆ ಕೊಂಡ ಬೆಲೆ ಕಾಗದದಲ್ಲಿದ್ದ 19,20,000. ಮರೆಮಾಚಿದ 8,80,000 ನಿಮ್ಮ ಲಾಭದಲ್ಲಿ ಎಣಿಕೆಯಾಗುತ್ತದೆ. ದೀರ್ಘಾವಧಿ ಬಂಡವಾಳ ಲಾಭಕ್ಕೆ ಈಗಿರುವ ಶೇ. 12.5ರ ದರದಲ್ಲಿ ಅದರ ಮೇಲಿನ ತೆರಿಗೆಯೇ 1,10,000 ರೂಪಾಯಿ. ಮಾರಿದವನು ಉಳಿಸಿಕೊಂಡ ತೆರಿಗೆಯ ಹೊರೆಯನ್ನು ಕೊಂಡವನು ಹೊತ್ತಂತಾಯಿತು.

ಮೂರನೆಯದು ಸಾಕ್ಷ್ಯ. ವ್ಯವಹಾರ ಮುರಿದರೆ, ಹಕ್ಕುದಾರರು ತಕರಾರು ತೆಗೆದರೆ, ಕಾಗದದಲ್ಲಿ ಇಲ್ಲದ ಹಣವನ್ನು ಕೊಟ್ಟೆವೆಂದು ಯಾವ ನ್ಯಾಯಾಲಯದಲ್ಲಿ ಸಾಧಿಸುವುದು? ಅಲ್ಲದೆ, ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ 2015ರಿಂದಲೇ ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ನಿಮ್ಮ ಕಾಗದ ನೆರೆಯವನ ಪರಿಹಾರವನ್ನೂ ತಗ್ಗಿಸುತ್ತದೆ

ಇದು ಹೆಚ್ಚು ಜನರಿಗೆ ತಿಳಿಯದ ಮಾತು. ರಸ್ತೆ, ರೈಲು, ಕಾಲುವೆಗಾಗಿ ಸರಕಾರ ಭೂಮಿ ಪಡೆದಾಗ 2013ರ ಭೂಸ್ವಾಧೀನ ಕಾಯ್ದೆಯ 26ನೆಯ ಕಲಮಿನಂತೆ ಮಾರುಕಟ್ಟೆ ಬೆಲೆ ನಿಗದಿಯಾಗುತ್ತದೆ. ಮುದ್ರಾಂಕದ ಸರಕಾರಿ ಮೌಲ್ಯವೆಷ್ಟು, ಹತ್ತಿರದ ಅದೇ ಬಗೆಯ ಜಮೀನುಗಳ ಹಿಂದಿನ ಮೂರು ವರ್ಷಗಳ ಖರೇದಿ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ಎಷ್ಟು ಎಂದು ನೋಡಿ, ಹೆಚ್ಚಿನದನ್ನು ಹಿಡಿಯುತ್ತಾರೆ. ಅದರ ಮೇಲೆ ಶೇ. 100 ಸಾಂತ್ವನ ಧನ ಸೇರುತ್ತದೆ.

ಎಂದರೆ ಪರಿಹಾರದ ಬುನಾದಿ ನಮ್ಮದೇ ಖರೇದಿ ಪತ್ರಗಳು. ಊರಿನವರೆಲ್ಲ ಸರಕಾರಿ ಮೌಲ್ಯದಷ್ಟನ್ನೇ ಬರೆಸುತ್ತ ಬಂದರೆ ಆ ಊರಿನ ಸರಾಸರಿಯೂ ಅಷ್ಟೇ ಆಗುತ್ತದೆ. ಸೋಲಾಪುರ-ಹೈದರಾಬಾದ್ ಹೆದ್ದಾರಿ ಹಾದುಹೋಗುವ ಉಮರ್ಗಾ ತಾಲೂಕಿನವರಿಗೆ ಈ ಮಾತನ್ನು ವಿವರಿಸುವ ಅಗತ್ಯವಿಲ್ಲ. ಭೂಮಿ ಹೋಗುವಾಗ "ನಮ್ಮ ಜಮೀನಿನ ಬೆಲೆ ಇಷ್ಟಲ್ಲ, ಇದರ ಮೂರು ಪಟ್ಟು" ಎಂದು ನಾವು ಕೂಗುತ್ತೇವೆ. ಆದರೆ ನಮ್ಮ ಸಹಿಯಿರುವ ಕಾಗದಗಳು ಬೇರೆಯೇ ಮಾತು ಹೇಳುತ್ತವೆ.

ಸರಕಾರದ ಬೆಲೆಯೇ ಹೆಚ್ಚಾದಾಗ

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಗಾವಠಾಣದ ಒಳಗಿನ ಹಳೆಯ ಮನೆ, ದಾರಿಯ ತಕರಾರಿರುವ ಮನೆ, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿರುವ ಮನೆ ಸರಕಾರಿ ಮೌಲ್ಯಕ್ಕಿಂತ ಕಡಿಮೆಗೆ ಮಾರಾಟವಾಗುತ್ತದೆ. ಆಗಲೂ ಮುದ್ರಾಂಕ ಶುಲ್ಕವನ್ನು ಹೆಚ್ಚಿನ ಮೊತ್ತದ ಮೇಲೆಯೇ ಕೊಡಬೇಕು.

ಅಷ್ಟಕ್ಕೇ ಮುಗಿಯದು. 1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಕಲಮು ಮಾರುವವನಿಗೆ, 56ನೆಯ ಕಲಮು ಕೊಳ್ಳುವವನಿಗೆ ಒಂದು ಮಿತಿ ಹಾಕಿದವು. 2020ರಿಂದ ಆ ಮಿತಿ ಶೇ. 10. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ತತ್ವ ಅದೇ. ಉದಾಹರಣೆಗೆ, ಸರಕಾರಿ ಮೌಲ್ಯ 19 ಲಕ್ಷ, ಕಾಗದದ ಬೆಲೆ 16 ಲಕ್ಷ ಇದ್ದರೆ ಅಂತರ 3 ಲಕ್ಷ. ಅದು 16 ಲಕ್ಷದ ಶೇ. 10ನ್ನು, ಅಂದರೆ 1,60,000ವನ್ನು ಮೀರಿದ್ದರಿಂದ ಆ 3 ಲಕ್ಷ ಪೂರ್ತಿಯಾಗಿ ಕೊಂಡವನ ಆದಾಯವೆಂದು ಎಣಿಕೆಯಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವನಿಗೆ ಬಳಿಕ ನೋಟೀಸು ಬರುತ್ತದೆ.

ಇದಕ್ಕೆ ದಾರಿಯಿಲ್ಲವೆಂದಲ್ಲ. ಮುದ್ರಾಂಕ ಕಾಯ್ದೆಯ 31ನೆಯ ಕಲಮಿನಡಿ, ಕಾಗದದ ಕರಡನ್ನು ಮುದ್ರಾಂಕ ಜಿಲ್ಹಾಧಿಕಾರಿಯವರ ಮುಂದಿಟ್ಟು ಸರಿಯಾದ ಶುಲ್ಕವೆಷ್ಟೆಂದು ಮೊದಲೇ ಅಭಿಪ್ರಾಯ ಪಡೆಯಬಹುದು. ಮನೆಯ ಫೋಟೋಗಳು, ತಕರಾರಿನ ಕಾಗದಗಳು, ಅಕ್ಕಪಕ್ಕದ ಖರೇದಿಗಳ ದಾಖಲೆ ಜೊತೆಗಿರಬೇಕು. ಆದಾಯ ತೆರಿಗೆಯಲ್ಲಿಯೂ ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಪ್ರಕರಣ ಒಪ್ಪಿಸುವಂತೆ ಕೇಳುವ ಹಕ್ಕಿದೆ.

ಗಡಿಯ ಆಚೆ ಈಚೆ

1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಹೀಗಾಗಿ ನೆಂಟಸ್ತಿಕೆ ಎರಡೂ ಕಡೆ ಇದೆ, ಆಸ್ತಿಯೂ ಎರಡೂ ಕಡೆ ಇದೆ. ಬೀದರದ ಬೀಗರು ಹೇಳಿದ ನಿಯಮ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿಯ ಮಾರ್ಗಸೂಚಿ ಬೆಲೆಯನ್ನು 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿಯ ಕೇಂದ್ರ ಮೌಲ್ಯಮಾಪನ ಸಮಿತಿಯ ವ್ಯವಸ್ಥೆಯಲ್ಲಿ ನಿಗದಿಪಡಿಸಲಾಗುತ್ತದೆ. 2023ರ ಅಕ್ಟೋಬರ್ 1ರಂದು ಅದು ಪರಿಷ್ಕೃತವಾಯಿತು. ಅಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಮಹಾರಾಷ್ಟ್ರದಲ್ಲಿ ಅದು ಶೇ. 1, ಗರಿಷ್ಠ 30,000 ರೂಪಾಯಿ. 28 ಲಕ್ಷದ ಮನೆಗೆ ಅಲ್ಲಿ 56,000, ಇಲ್ಲಿ 28,000.

ಹೆಸರುಗಳೂ ಬೇರೆ. ಅಲ್ಲಿಯ ಪಹಣಿ ಇಲ್ಲಿ ಸಾತಬಾರಾ. ಅಲ್ಲಿಯ ಉಪನೋಂದಣಾಧಿಕಾರಿ ಇಲ್ಲಿ ದುಯ್ಯಮ ನಿಬಂಧಕ. ಗ್ರಾಮಪಂಚಾಯತಿಯ ಮನೆ ತೆರಿಗೆಯ ದಾಖಲೆ ಇಲ್ಲಿ ನಮುನಾ 8. ಅದು ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ ಎಂಬುದನ್ನು ಪಾಲಕರು ನೆನಪಿಡಬೇಕು.

ಇಸಾರ ಕೊಡುವ ಮುನ್ನ

1. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲೂಕು, ಊರು ಆರಿಸಿ ಆ ಸರ್ವೆ ನಂಬರಿನ ಈ ವರ್ಷದ ದರ ನೋಡಿ. ಪ್ಲಾಟು, ಮನೆ, ಅಂಗಡಿ ಪ್ರತಿಯೊಂದಕ್ಕೂ ಬೇರೆ ದರವಿರುತ್ತದೆ.

2. ಅಕ್ಕಪಕ್ಕದ ಇತ್ತೀಚಿನ ಖರೇದಿಗಳ ಸೂಚಿ ಕ್ರಮಾಂಕ 2 ತೆಗೆಯಿಸಿ. ಅದರಲ್ಲಿ ಮೋಬದಲಾ, ಬಾಜಾರಭಾವ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಕಾಗದದಲ್ಲಿ ಬರೆದ ಬೆಲೆ, ಎರಡನೆಯದು ಸರಕಾರಿ ಮೌಲ್ಯ. ಎರಡೂ ಅಂಕಿಗಳು ಎಲ್ಲ ಕಾಗದಗಳಲ್ಲಿಯೂ ಒಂದಕ್ಕೊಂದು ಅಂಟಿಕೊಂಡಂತಿದ್ದರೆ, ಆ ಬಡಾವಣೆಯಲ್ಲಿ ನಿಜವಾದ ಬೆಲೆ ಕಾಗದಕ್ಕೆ ಇಳಿದಿರಲಾರದು ಎಂದು ಸಂಶಯಪಡಿ.

3. ಕೇಳಿದ ಬೆಲೆ ತೀರ ಕಡಿಮೆಯಿದ್ದರೆ ಕಾರಣ ಹುಡುಕಿ. ಕೃಷಿ ಜಮೀನನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಬರಿ ಬಾಂಡ್ ಕಾಗದದ ಮೇಲೆ ಮಾರಿದ ಪ್ಲಾಟುಗಳು ನಮ್ಮ ಊರುಗಳಲ್ಲಿವೆ. 1947ರ ತುಕಡೇಬಂದಿ ಕಾಯ್ದೆಗೆ ಈಚೆಗೆ ಕೆಲವು ಸಡಿಲಿಕೆಗಳು ಬಂದಿದ್ದರೂ, ನೋಂದಣಿಯಾಗದ ಪ್ಲಾಟಿನ ಅಗ್ಗದ ಬೆಲೆ ಅಗ್ಗವಲ್ಲ.

4. ಶುಲ್ಕ ಉಳಿಸಬೇಕೆಂದರೆ ಕಾನೂನಿನ ದಾರಿಯೇ ಇದೆ. ವಾಸದ ಮನೆಯನ್ನು ಮಹಿಳೆಯ ಹೆಸರಿನಲ್ಲಿ ಮಾತ್ರ ಖರೇದಿ ಮಾಡಿದರೆ 2021ರ ಏಪ್ರಿಲ್‌ನಿಂದ ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕದಲ್ಲಿ ಶೇ. 1 ರಿಯಾಯಿತಿ ಇದೆ. 28 ಲಕ್ಷಕ್ಕೆ 28,000 ರೂಪಾಯಿ. ದಲ್ಲಾಳಿ ತೋರಿಸಿದ 52,800ರ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಉಳಿಯಿತು, ಮನೆಯೂ ತಾಯಿಯ ಹೆಸರಿನಲ್ಲಿ ಭದ್ರವಾಯಿತು.

5. ಹಣವನ್ನೆಲ್ಲ ಬ್ಯಾಂಕಿನ ಮೂಲಕವೇ ಕೊಡಿ, ಕೊಟ್ಟಷ್ಟನ್ನೂ ಕಾಗದದಲ್ಲಿ ಬರೆಸಿ.

ಕಾಗದವನ್ನು ಮನೆಯಲ್ಲಿ ಓದಿಸಿರಿ

ನೋಂದಣಿ ಕಚೇರಿಯ ಮುಂದೆ ಬರಹಗಾರನ ಮೇಜಿನ ಬಳಿ ನಿಂತು ಐದು ನಿಮಿಷದಲ್ಲಿ ಸಹಿ ಮಾಡುವ ರೂಢಿಯನ್ನು ನಾವು ಬಿಡಬೇಕು. ಕರಡನ್ನು ಒಂದು ವಾರ ಮುಂಚೆಯೇ ಕೇಳಿ ಪಡೆಯಿರಿ. ಮರಾಠಿ ಓದಲು ಬಾರದೆಂದು ಸಂಕೋಚಪಡಬೇಡಿ, ಓದುವವರು ನಿಮ್ಮ ಮನೆಯಲ್ಲಿಯೇ ಇದ್ದಾರೆ. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಮರಾಠಿಯನ್ನು ಕಡ್ಡಾಯವಾಗಿ ಕಲಿಯುತ್ತಾರೆ. ಎಂಟನೆಯ ಇಯತ್ತೆಯ ಮಗುವಿಗೆ ಶೇಕಡಾ ಲೆಕ್ಕವೂ ಬರುತ್ತದೆ, ಮೀಟರನ್ನು ಅಡಿಗೆ ತಿರುಗಿಸುವುದೂ ಬರುತ್ತದೆ. ಕಾಯ್ದೆಯ ಬಿಗಿಯಾದ ಪದಗಳನ್ನು ವಕೀಲರಿಂದ ಕೇಳಿ ತಿಳಿಯಬಹುದು; ಹೆಸರು, ಚತುಸ್ಸೀಮೆ, ಕ್ಷೇತ್ರಫಲ, ಬೆಲೆ ಇವನ್ನು ಮಗುವೇ ಓದಿ ಕನ್ನಡದಲ್ಲಿ ಹೇಳಬಲ್ಲದು.

ಮೊದಲು ಹೇಳಿದ ಆ ಪಾಲಕರು ಕರಡನ್ನು ಮನೆಗೆ ಒಯ್ದು ಮಗಳಿಂದ ಓದಿಸಿದರು. ಮಾತಿನಲ್ಲಿ 1,500 ಚದರ ಅಡಿ ಎಂದಿದ್ದ ಜಾಗ ಕಾಗದದಲ್ಲಿ 126 ಚದರ ಮೀಟರ್ ಎಂದಿತ್ತು. ಮಗಳು ಗುಣಿಸಿ ನೋಡಿ, ಅದು 1,356 ಅಡಿ ಮಾತ್ರ ಆಗುತ್ತದೆಂದು ತಂದೆಗೆ ತೋರಿಸಿದಳು. ಮರುದಿನ ಬೆಲೆಯ ಮಾತುಕತೆ ಹೊಸದಾಗಿ ಆರಂಭವಾಯಿತು.